ಹಿಂದಿನ ಚಾಪೆ

ತಿಕೋಟಾದ ಸಾವಂತ್ರವ್ವ ಏಳು ವರ್ಷ ಕ್ರೈಸ್ತರ ದೇವಾಲಯದಲ್ಲಿ ಬಾಯಿ ತೆರೆಯಲಿಲ್ಲ. ಹಾಗಂತ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಎಲ್ಲರಿಗಿಂತ ಮೊದಲು ಬಂದು ಬಾಗಿಲ ಬಳಿಯ ಹಿಂದಿನ ಚಾಪೆಯ ಮೇಲೆ ಕೂಡುವಳು. ಉಳಿದವರು ಹಾಡಲು ಎದ್ದು ನಿಂತಾಗ ಹಲ್ಲು ಕಚ್ಚಿಕೊಂಡು ಗೋಡೆ ನೋಡುವಳು. ಸಭೆಯಿಂದ ಹೊರಗಿಟ್ಟವರಿಗೆ ಆ ಚಾಪೆ. ಅಲ್ಲಿ ಕೂತವರು ಪ್ರಸಂಗ ಕೇಳಬಹುದು, ಕಾಣಿಕೆ ಹಾಕಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಕರ್ತನ ಭೋಜನಕ್ಕೆ ಮುಂದೆ ಬರುವಂತಿಲ್ಲ, ಹಾಡುವಂತಿಲ್ಲ.

ಹಾಡಬೇಡ ಅನ್ನುವುದೂ ಒಂದು ಶಿಕ್ಷೆಯೇ ಎಂದು ನಗುವವರು ಆ ಸಭೆಯನ್ನು ಕಂಡವರಲ್ಲ. ಒಟ್ಟು ಹದಿನಾಲ್ಕು ಮನೆ. ಎಲ್ಲರೂ ಹೊಲಕ್ಕೆ ಕೂಲಿ ಹೋಗುವವರು. ಅಕ್ಷರ ಬಲ್ಲವರು ಮೂವರಿದ್ದರೆ ಹೆಚ್ಚು. ಆದ್ದರಿಂದ ಉಪದೇಶಿಯಾದವನು ಗೀತೆಯ ಪುಸ್ತಕ ಹಿಡಿದು ಒಂದು ಸಾಲು ಓದುವನು, ಒಬ್ಬರು ಧಾಟಿ ಎತ್ತುವರು, ಸಭೆಯೆಲ್ಲ ಆ ಸಾಲನ್ನು ಹಾಡುವುದು. ಮತ್ತೊಂದು ಸಾಲು ಓದು, ಮತ್ತೆ ಹಾಡು. ಅವರ ಬೈಬಲ್ಲು, ಪ್ರಾರ್ಥನೆ, ಶಾಲೆ ಎಲ್ಲವೂ ಹೀಗೆ ಬಾಯಿಂದ ಬಾಯಿಗೆ ಬಂದದ್ದು. ಊರಲ್ಲಿ ಅವರನ್ನು ಯಾರೂ ಕ್ರೈಸ್ತರು ಎಂದು ಕರೆಯುತ್ತಿರಲಿಲ್ಲ, ‘ಹಾಡಿನ ಮಂದಿ’ ಎನ್ನುತ್ತಿದ್ದರು. ಹಳೆಯ ಕೇರಿಯ ದೇವರನ್ನು ಬಿಟ್ಟು ಬಂದವರಿಗೆ ಹೊಸ ಕುಲ ಅಂತ ಇದ್ದದ್ದು ಆ ಹಾಡೊಂದೇ. ಇಪ್ಪತ್ತು ವರ್ಷ ಅದರ ಧಾಟಿ ಎತ್ತಿದವಳು ಸಾವಂತ್ರವ್ವ. ಅವಳ ಬಾಯಿ ಕಟ್ಟಿದ ಮೇಲೆ ಅವಳು ಆ ಕಡೆಯವಳೂ ಅಲ್ಲ, ಈ ಕಡೆಯವಳೂ ಅಲ್ಲ.

ಬಾಯಿ ಕಟ್ಟಿಸಿದವನು ಬೇರೆ ಯಾರೋ ಅಲ್ಲ, ಸ್ವಂತ ಅಳಿಯ ಭಾಗಪ್ಪ ಉಪದೇಶಿ.

ಒಬ್ಬಳೇ ಮಗಳು ರುಕ್ಮವ್ವ. ಬಬಲೇಶ್ವರದ ಸಭೆಗೆ ಉಪದೇಶಿಯಾಗಿದ್ದ ಭಾಗಪ್ಪನಿಗೆ ಕೊಟ್ಟಿದ್ದಳು. ನಲವತ್ತನೆಯ ಇಸವಿಯ ಚಳಿಗಾಲದಲ್ಲಿ ರುಕ್ಮವ್ವ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಕೂಸು ಹೊಟ್ಟೆಯಲ್ಲೇ ಹೋಗಿತ್ತು, ಮೂರನೆಯ ದಿನ ಅವಳೂ ಹೋದಳು. ಮಣ್ಣಿಗೆ ಭಾಗಪ್ಪ ಬಂದ, ಜೊತೆಗೆ ವಿಜಾಪುರದ ಸಭೆಯಲ್ಲಿ ಮಾತು ನಡೆಯುತ್ತಿದ್ದ ಕಂಪೌಂಡರ ಮತ್ತು ನಾಲ್ಕು ಜನ ದೊಡ್ಡವರು ಬಂದರು. ಕುಣಿಯ ಬಳಿ ನಿಂತು ಭಾಗಪ್ಪ ಪುಸ್ತಕ ತೆರೆದು ಒಂದು ಸಾಲು ಓದಿದ. ಹಡೆದವಳಾದರೇನು, ಧಾಟಿ ಎತ್ತುವವಳು ಸಾವಂತ್ರವ್ವನೇ. ಎಲ್ಲರೂ ಅವಳ ಮುಖ ನೋಡಿದರು.

ಸಾವಂತ್ರವ್ವ ಬಾಯಿ ತೆರೆದಳು. ಎಲ್ಲಿಯೋ ಸಮುದ್ರದಾಚೆಯಿಂದ ಪಾದ್ರಿಗಳು ತಂದ ಆ ಧಾಟಿ ಅವತ್ತು ಬರಲೇ ಇಲ್ಲ. ಬಂದದ್ದು ಬೀಸುಕಲ್ಲಿನ ಧಾಟಿ. ದಿನಾ ಬೆಳಗ್ಗೆ ಜೋಳ ಬೀಸುತ್ತ, ತೊಡೆಯ ಮೇಲೆ ರುಕ್ಮವ್ವನನ್ನು ಮಲಗಿಸಿಕೊಂಡು ಹಾಡಿದ್ದು. ಮಾತುಗಳು ಮಾತ್ರ ಅಲ್ಲೇ, ಆ ಕುಣಿಯ ಅಂಚಿನಲ್ಲೇ ಹುಟ್ಟಿದವು.

ಬೀಸಿದ ಹಿಟ್ಟೆಲ್ಲ ಮತ್ತ ಕಾಳಾದೀತೇನ
ಹೋದಾಕಿ ತಿರುಗಿ ಬಂದಾಳೇನ, ಯೇಸಪ್ಪ
ನಿನ್ನ ಅಂಗಳಕ ಕಳಿಸೇನಿ

ಹಸಿದು ಬಂದರ ನೀಡೋ, ಅಂಜಿ ಬಂದರ ಅಪ್ಪೋ
ಹೆಸರ್ಹಿಡಿದು ಕರಿಯೋ ಬಾಗಿಲಾಗ, ರುಕ್ಮವ್ವ
ಹೊಸ ಊರಿಗಿ ಹೋಗಿ ಬೆದರ್ಯಾಳೋ

ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ಅತ್ತರು. ಕಂಪೌಂಡರನ ಹುಬ್ಬು ಮಾತ್ರ ಗಂಟಿಕ್ಕಿತು. ಆ ಹುಬ್ಬನ್ನು ಭಾಗಪ್ಪ ನೋಡಿದ. ಹೆಂಡತಿಯ ಮೇಲೆ ಮಣ್ಣು ಬೀಳುತ್ತಿರುವಾಗ ಕಂಪೌಂಡರನ ಹುಬ್ಬು ನೋಡುವ ಗಂಡನಿಗೆ ಏನನ್ನಬೇಕೋ ನೀವೇ ಹೇಳಿ. ವಾರದೊಳಗೆ ಅವನು ವಿಜಾಪುರದ ಹಿರಿಯರಿಗೆ ಕಾಗದ ಬರೆದ: ಕ್ರೈಸ್ತ ಸಮಾಧಿಯ ಬಳಿ ತನ್ನ ಅತ್ತೆ ಅನ್ಯಜನರ ಬೀಸುವ ಪದ ಹಾಡಿ ಸಭೆಗೆ ಕಳಂಕ ತಂದಿದ್ದಾಳೆ. ಸಾಕ್ಷಿಗೆ ಇರಲೆಂದು ಪದವನ್ನೂ ಅಕ್ಷರಕ್ಷರ ಬರೆದು ಕಳಿಸಿದ. ಹಿರಿಯರ ಮುಂದೆ ಆ ಕಾಗದವನ್ನು ಪೂರ್ತಿ ಓದಿದಾಗ ಸಾವಂತ್ರವ್ವ ಅಲ್ಲೇ ನಿಂತಿದ್ದಳು.

“ಸಭಾದ ಮುಂದ ಮೊಣಕಾಲೂರಿ ತಪ್ಪಾತು ಅನ್ನು. ಮುಗೀತು,” ಎಂದರು ಹಿರಿಯರು.

“ಮಗಳನ್ನ ದೇವರ ಕೈಯಾಗ ಇಟ್ಟೀನ್ರಿ. ಅದು ತಪ್ಪಂತ ನನ್ನ ಬಾಯಿಲೆ ಹೆಂಗ ಬರ್ತದ?” ಎಂದಳು ಅವಳು.

ಕಾಗದವನ್ನು ಸಭೆಯ ದಪ್ಪ ಪುಸ್ತಕಕ್ಕೆ ಅಂಟಿಸಿದರು. ಪುಸ್ತಕ ಕಪಾಟು ಸೇರಿತು, ಸಾವಂತ್ರವ್ವ ಚಾಪೆ ಸೇರಿದಳು. ಹತ್ತು ತಿಂಗಳಲ್ಲಿ ಭಾಗಪ್ಪ ಕಂಪೌಂಡರನ ಮಗಳನ್ನು ಮದುವೆಯಾದ.

ಇದಿಷ್ಟೇ ಆಗಿದ್ದರೆ ಸಾವಂತ್ರವ್ವ ಬಾಯಿ ಮುಚ್ಚಿಕೊಂಡೇ ಸಾಯುತ್ತಿದ್ದಳೇನೋ. ಆದರೆ ನಲವತ್ತೇಳರ ಬೇಸಿಗೆ ಬಂತು. ದೇಶಕ್ಕೆ ಸ್ವಾತಂತ್ರ್ಯ ಬರುತ್ತದೆಂಬ ಮಾತು ಸಂತೆಯಲ್ಲೂ ಕೇಳುತ್ತಿತ್ತು. ಜರ್ಮನಿಯ ಪಾದ್ರಿಗಳನ್ನು ಯುದ್ಧದ ಕಾಲಕ್ಕೇ ಸರ್ಕಾರ ಹಿಡಿದೊಯ್ದಿತ್ತು. ಉಳಿದವರು ಸ್ವಿಸ್ ದೇಶದ ಒಬ್ಬ ಮುದಿ ಪಾದ್ರಿಸಾಹೇಬರು. ಇನ್ನು ಮುಂದೆ ಸಭೆ ಈ ನೆಲದವರದೇ ಆಗಬೇಕು, ಹಾಡೂ ಈ ನೆಲದ್ದೇ ಆಗಬೇಕು ಎಂದು ಅವರು ಸಾರಿದರು. ನಿನ್ನೆಯವರೆಗೆ ಪಾಪವಾಗಿದ್ದ ದೇಶೀ ಧಾಟಿಯ ಮೇಲೆ ಎಲ್ಲರಿಗೂ ದಿಢೀರನೆ ಪ್ರೀತಿ ಉಕ್ಕಿತು.

ಆ ಬೇಸಿಗೆಯಲ್ಲಿ ಸಾವಂತ್ರವ್ವ ನೆರೆಮನೆಯ ಲಕ್ಕವ್ವನ ಜೊತೆ ಬಬಲೇಶ್ವರಕ್ಕೆ ಒಂದು ಮದುವೆಗೆ ಹೋದಳು. ಅಳಿಯನ ಮುಖ ನೋಡುವ ಆಸೆಯೇನಿರಲಿಲ್ಲ. ಲಕ್ಕವ್ವನ ತಂಗಿಯ ಮಗಳ ಮದುವೆ, ಹೋಗದೆ ಗತಿಯಿರಲಿಲ್ಲ. ಹಂದರದಲ್ಲಿ ಊಟಕ್ಕೆ ಮೊದಲು ಹೆಂಗಸರು ಒಂದು ಹಾಡು ಎತ್ತಿದರು. ಸಾವಂತ್ರವ್ವ ಕೈಯಲ್ಲಿದ್ದ ನೀರಿನ ತಂಬಿಗೆ ಕೆಳಗಿಟ್ಟು ಕಿವಿಗೊಟ್ಟಳು.

ಬೀಸಿದ ಹಿಟ್ಟೆಲ್ಲ ಮತ್ತ ಕಾಳಾದೀತೇನ...

“ಯಾರ ಹಾಡು ಇದು?” ಎಂದು ಪಕ್ಕದವಳನ್ನು ಕೇಳಿದಳು.

“ನಮ್ಮ ಉಪದೇಶಿ ಕಟ್ಯಾರವ್ವ. ಹೊಸಾ ಹಾಡು. ವಿಜಾಪುರದಾಗ ಅಚ್ಚು ಹಾಕಿಸ್ಯಾರ, ಮುಂದಿನ ಬುಕ್ಕಿನ್ಯಾಗೂ ಬರತೈತಂತ. ಪಾದ್ರಿಸಾಹೇಬರು ಕೇಳಿ ಕಣ್ಣೀರ ಹಾಕ್ಯಾರಂತ. ಈ ಹಾಡಿಗೇ ಮೆಚ್ಚಿ ಅವರಿಗಿ ಸಭಾಪಾಲಕರ ಪಟ್ಟಾ ಕೊಡಾಕತ್ತಾರ,” ಎಂದಳು ಅವಳು, ಹೆಮ್ಮೆಯಿಂದ.

ಎರಡನೆಯ ನುಡಿ ಬಂತು. ಹಸಿದು ಬಂದರ ನೀಡೋ, ಅಂಜಿ ಬಂದರ ಅಪ್ಪೋ. ಸಾವಂತ್ರವ್ವ ಮಗಳ ಹೆಸರಿಗೆ ಕಾದಳು. ಹೆಸರ್ಹಿಡಿದು ಕರಿಯೋ ಬಾಗಿಲಾಗ, ‘ನನ್ನಾತ್ಮ’ ಹೊಸ ಊರಿಗಿ ಹೋಗಿ ಬೆದರ್ಯಾಳೋ.

ಮಗಳ ಹೆಸರು ಇದ್ದ ಜಾಗದಲ್ಲಿ ‘ನನ್ನಾತ್ಮ’ ಕೂತಿತ್ತು.

ಹಾಡು ಕದ್ದದ್ದು ಹೋಗಲಿ. ಹಾಡು ಗಾಳಿಯಲ್ಲಿ ಇರುವಂಥದ್ದು. ಆದರೆ ಅವಳು ದೇವರಿಗೆ ಒಪ್ಪಿಸಿದ್ದು ಒಂದು ಹೆಸರನ್ನು. ಹೆಸರು ಹಿಡಿದು ಕರೆಯಪ್ಪಾ, ನನ್ನ ಮಗಳು ಅಂಜುಬುರುಕಿ, ಕರೆಯದಿದ್ದರೆ ಬಾಗಿಲಲ್ಲೇ ನಿಂತಿರುತ್ತಾಳೆ ಎಂದು ಬೇಡಿಕೊಂಡಿದ್ದಳು. ಈಗ ಊರೂರಿನ ಜನ ಸೇರಿ ಅದೇ ಹಾಡನ್ನು ಆ ಹೆಸರಿಲ್ಲದೆ ಹಾಡುತ್ತಿದ್ದರು. ಅಷ್ಟು ಬಾಯಿ ಭಾಗಪ್ಪನ ಆತ್ಮಕ್ಕೆ ಬಾಗಿಲು ತೆರೆಸುತ್ತಿದ್ದವು. ರುಕ್ಮವ್ವ ಹೊರಗೇ ನಿಂತಿದ್ದಳು. ಸಾವಂತ್ರವ್ವನಿಗೆ ಅದು ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು.

“ಏಳವ್ವ, ಪಾದ್ರಿಗೆ ಹೋಗಿ ಹೇಳೂನು,” ಎಂದು ಲಕ್ಕವ್ವ ಪಿಸುಗುಟ್ಟಿದಳು. ಅವಳೂ ಅವತ್ತು ಕುಣಿಯ ಬಳಿ ಇದ್ದವಳು.

“ಹೊರಗಿನಾಕಿ ಮಾತು ಯಾರು ಕೇಳ್ತಾರ ಬೇ? ಅಳಿಯನ ಏಳಿಗಿ ನೋಡಿ ಹೊಟ್ಟಿಕಿಚ್ಚು ಅಂತಾರ. ನೀ ಸುಮ್ಮನಿರು,” ಎಂದಳು ಸಾವಂತ್ರವ್ವ. ಊಟ ಬಡಿಸಿದ್ದನ್ನು ಒಂದು ಅಗುಳೂ ಬಿಡದೆ ಉಂಡಳು. ಕೈ ತೊಳೆದು ನೆಟ್ಟಗೆ ಅಳಿಯನ ಮನೆಗೆ ಹೋದಳು.

ಭಾಗಪ್ಪ ಪಡಸಾಲೆಯಲ್ಲಿ ಕೂತಿದ್ದ. ಮೈ ತುಂಬಿಕೊಂಡಿದ್ದ, ಕನ್ನಡಕ ಬಂದಿತ್ತು. ಅತ್ತೆಯನ್ನು ಕಂಡು ಅವನ ಮುಖ ಬಿಳಚಿಕೊಂಡಿತು. ಅವಳು ಅವನ ಕಾಲಿಗೇ ಬಿದ್ದಳು.

“ಅಳಿಯಂದ್ರ, ನನಗ ಸಾಕಾಗೇತ್ರಿ. ಏಳು ವರ್ಷ ಸೊಕ್ಕು ಮಾಡೀನಿ. ಸಾಯೂದ್ರಾಗ ತಪ್ಪ ಒಪ್ಪಿ ಒಳಗ ಬರ್ತೀನಿ. ನೀವು ಪಟ್ಟಾ ಏರೂ ದಿನಾನೇ, ವಿಜಾಪುರದಾಗ, ಎಲ್ಲಾರ ಮುಂದ ಮೊಣಕಾಲೂರತೀನಿ.”

ಭಾಗಪ್ಪನಿಗೆ ಮೊದಲು ನಂಬಿಕೆಯಾಗಲಿಲ್ಲ. ಹಾಡಿನ ಮಾತು ಎತ್ತುತ್ತಾಳೇನೋ ಎಂದು ಒಂದು ಗಳಿಗೆ ಕಾದ. ಅವಳು ಎತ್ತಲಿಲ್ಲ. ಆಮೇಲೆ ಅವನ ಮುಖ ಅರಳಿತು. ತಪ್ಪಿಹೋದ ಕುರಿಯನ್ನು ಮೊದಲ ದಿನವೇ ಮಂದೆಗೆ ತಂದ ಪಾಲಕ! ಆ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಯಾರು ದೂರು ಕೊಟ್ಟರೋ ಅವರೇ ತಪ್ಪಿತಸ್ಥನಿಗೆ “ಈ ಪಾಪ ಬಿಡುತ್ತೀಯಾ?” ಎಂದು ಕೇಳಿ, ಕೈಹಿಡಿದು ಎಬ್ಬಿಸಬೇಕು, ಮನಸ್ತಾಪ ಅಲ್ಲಿಗೇ ಮುಗಿಯಲೆಂದು. ಪಾದ್ರಿಸಾಹೇಬರ ಕಣ್ಣೆದುರು ಅತ್ತೆಯನ್ನು ಕೈಹಿಡಿದು ಎಬ್ಬಿಸುವ ತನ್ನನ್ನು ಅವನು ಆಗಲೇ ನೋಡುತ್ತಿದ್ದ.

“ಏಳ್ರಿ ಅತ್ತಿ. ದೇವರು ದೊಡ್ಡಾಂವ,” ಎಂದ.

“ದೊಡ್ಡಾಂವ ಖರೇನ್ರಿ,” ಎಂದಳು ಸಾವಂತ್ರವ್ವ.

ಪಟ್ಟದ ಭಾನುವಾರ ಲಾಲಸಾಬನ ಬಂಡಿ ಮಾಡಿಕೊಂಡು ತಿಕೋಟಾದ ಎಂಟು ಹೆಂಗಸರು ವಿಜಾಪುರಕ್ಕೆ ಹೊರಟರು. ಗುಮ್ಮಟ ಕಾಣುವ ಹೊತ್ತಿಗೆ ಬಿಸಿಲು ಏರಿತ್ತು. ಸಾವಂತ್ರವ್ವ ತೊಳೆದ ಇಲಕಲ್ಲ ಸೀರೆ ಉಟ್ಟಿದ್ದಳು, ಮಗಳ ಮದುವೆಯಲ್ಲಿ ಉಟ್ಟದ್ದು.

“ಏನ ಸಾವಂತ್ರವ್ವ, ತಪ್ಪ ಒಪ್ಪಾಕ ಹೊಂಟಿಯೋ ಬೀಗರ ಮನಿಗಿ ಹೊಂಟಿಯೋ?” ಎಂದು ಲಾಲಸಾಬ ಚೇಷ್ಟೆ ಮಾಡಿದ.

“ಎರಡೂ ಒಂದs ಐತಿ ಅಣ್ಣಾ. ನೀ ಎತ್ತ ಹೊಡಿ,” ಎಂದಳು.

ದೇವಾಲಯ ಕಿಕ್ಕಿರಿದಿತ್ತು. ಬಬಲೇಶ್ವರ, ಜೈನಾಪುರ, ಇಟ್ಟಂಗಿಹಾಳ ಎಲ್ಲ ಕಡೆಯ ಸಭೆಗಳು ಬಂದಿದ್ದವು. ಮುಂದಿನ ಬೆಂಚಿನಲ್ಲಿ ಕಂಪೌಂಡರ ಮತ್ತು ಅವನ ಮಗಳು. ಭಾಗಪ್ಪ ಬಿಳಿಯ ನಿಲುವಂಗಿಯಲ್ಲಿ ನಿಂತಿದ್ದ. ಮೊದಲು ತಪ್ಪೊಪ್ಪಿಗೆ, ಆಮೇಲೆ ಭಾಗಪ್ಪನ ಹೊಸ ಹಾಡು, ಆಮೇಲೆ ಪಟ್ಟ ಎಂದು ಗೊತ್ತುಪಡಿಸಿದ್ದರು. ಸಾವಂತ್ರವ್ವ ಬಾಗಿಲಿನಿಂದ ನಡೆದು ಹೋಗಿ ಎಲ್ಲರ ಮುಂದೆ ಮೊಣಕಾಲೂರಿದಳು. ಹಿರಿಯ ಗುರಣ್ಣ ಮಾಸ್ತರ ಕಪಾಟಿನಿಂದ ತಂದ ದಪ್ಪ ಪುಸ್ತಕ ತೆರೆದ. ಅವನು ಹಿರಿಯನಾಗಿ ಎರಡೇ ವರ್ಷವಾಗಿತ್ತು, ಆ ಕಾಗದವನ್ನು ಹಿಂದೆಂದೂ ನೋಡಿದವನಲ್ಲ. ಅವತ್ತು ಅದನ್ನು ಕೇಳಿದ ಹಿರಿಯರು ಪದವನ್ನು ಮರೆತು ಎಷ್ಟೋ ಕಾಲವಾಗಿತ್ತು.

“ತಿಕೋಟಾದ ಸಾವಂತ್ರವ್ವ, ಕ್ರೈಸ್ತ ಸಮಾಧಿಯ ಬಳಿ ಅನ್ಯಜನರ ಪದ ಹಾಡಿದ ತಪ್ಪಿಗಾಗಿ...” ಎಂದು ಓದಿ ಪುಸ್ತಕ ಮುಚ್ಚಲು ಹೋದ.

“ಪೂರ್ತಿ ಓದ್ರಿ ಯಪ್ಪಾ,” ಎಂದಳು ಸಾವಂತ್ರವ್ವ. “ನಾ ಓದು ಬರದಾಕಿ. ಏನ ಪಾಪ ಮಾಡೀನಂತ ಪೂರ್ತಿ ಕೇಳದs ಹೆಂಗ ಒಪ್ಪಲಿ?”

ಕಪಾಟಿನಲ್ಲಿ ಏನಿದೆ ಎಂಬುದು ಭಾಗಪ್ಪನಿಗೆ ನೆನಪಾದದ್ದು ಆಗ. “ಅಷ್ಟ ಸಾಕ್ರಿ, ಮಾಸ್ತರ,” ಎಂದ.

ಪಾದ್ರಿಸಾಹೇಬರು ತಮ್ಮ ಪುಸ್ತಕದ ಕನ್ನಡದಲ್ಲಿ, “ಅವಳು ಕೇಳುವುದು ನ್ಯಾಯವಾಗಿದೆ. ಎಲ್ಲವನ್ನೂ ಓದಿರಿ,” ಎಂದರು.

ಗುರಣ್ಣ ಮಾಸ್ತರ ಕನ್ನಡಕ ಏರಿಸಿ, ಗೀತೆಯ ಸಾಲು ಓದುವ ಅದೇ ರೂಢಿಯ ದನಿಯಲ್ಲಿ ಓದಿದ: “ಬೀಸಿದ ಹಿಟ್ಟೆಲ್ಲ ಮತ್ತ ಕಾಳಾದೀತೇನ.” ಓದಿ, ರೂಢಿಯಂತೆ, ನಿಲ್ಲಿಸಿದ.

ಸಾಲು ಓದಿ ನಿಲ್ಲಿಸಿದರೆ ಹಾಡುವುದು ಆ ಜನಕ್ಕೆ ಹುಟ್ಟಿನಿಂದ ಬಂದ ಅಭ್ಯಾಸ. ಅದರಲ್ಲೂ ಆ ಸಾಲನ್ನು ಒಂದು ತಿಂಗಳಿಂದ ಅವರಿಗೆ ಬಾಯಿಪಾಠ ಮಾಡಿಸಿದ್ದರು. ಯಾರೂ ಯೋಚಿಸಲಿಲ್ಲ. ಬಬಲೇಶ್ವರದ ಹೆಂಗಸರು ಎತ್ತಿದರು, ಜೈನಾಪುರದವರು ಸೇರಿಕೊಂಡರು, ದೇವಾಲಯದ ತುಂಬ ಹಾಡು ಎದ್ದಿತು. ಮಾಸ್ತರ ಬೆಚ್ಚಿ ತಲೆ ಎತ್ತಿದ, ಕಾಗದ ನೋಡಿದ, ಮತ್ತೆ ಓದಿದ. ಸಭೆ ಮತ್ತೆ ಹಾಡಿತು. ತಾವು ಹಾಡುತ್ತಿರುವುದು ಸಾವಂತ್ರವ್ವನ ಪಾಪ ಎಂದು ಒಬ್ಬೊಬ್ಬರಿಗೇ ಹೊಳೆಯತೊಡಗಿತು, ಆದರೂ ಬಾಯಿ ನಿಲ್ಲಲಿಲ್ಲ. ಎರಡನೆಯ ನುಡಿಯ ನಡುವಿನ ಸಾಲನ್ನು ಮಾಸ್ತರ ಓದಿದ:

“ಹೆಸರ್ಹಿಡಿದು ಕರಿಯೋ ಬಾಗಿಲಾಗ, ರುಕ್ಮವ್ವ...”

ಅಲ್ಲಿ ಹಾಡು ಕಡಿದುಬಿತ್ತು. ಆ ಹೆಸರು ಅವರಿಗೆ ಬಾಯಿಪಾಠ ಆಗಿರಲಿಲ್ಲ. ಆ ಮೌನದಲ್ಲಿ, ಏಳು ವರ್ಷದ ಮೇಲೆ, ಸಾವಂತ್ರವ್ವ ಬಾಯಿ ತೆರೆದಳು. ಮೊಣಕಾಲ ಮೇಲೆ ಕೂತೇ ಆ ಸಾಲನ್ನೂ ಮುಂದಿನ ಸಾಲನ್ನೂ ಒಬ್ಬಳೇ ಹಾಡಿದಳು. ದನಿಗೆ ತುಕ್ಕು ಹಿಡಿದಿತ್ತು, ಆದರೆ ಒಂದು ಅಕ್ಷರವೂ ತಪ್ಪಲಿಲ್ಲ.

ಪಾದ್ರಿಸಾಹೇಬರು ಎದ್ದು ಬಂದು ಕಾಗದ ನೋಡಿದರು. “ಇದು ನಿಮ್ಮ ಅಕ್ಷರವೋ, ಭಾಗಪ್ಪನವರೇ?”

“ಹೌದ್ರಿ.”

“ನೀವು ನನಗೆ ಕೊಟ್ಟ ಹಾಡು?”

ಸಾವಂತ್ರವ್ವ ಮಾತಾಡಿದಳು. ಅವಳ ದನಿ ಮೆತ್ತಗಿತ್ತು.

“ಕೇಳ್ರಿ ಅಳಿಯಂದ್ರ, ಕೇಳ್ರಿ. ಈ ಪಾಪ ಬಿಡ್ತೀಯೇನ ಅಂತ ನೀವs ಕೇಳಬೇಕು. ನೀವು ಬಿಡು ಅಂದ್ರ ಈಗಿಂದೀಗ ಬಿಡ್ತೀನಿ. ಆದರ ನನ್ನ ಕೂಡ ಇಷ್ಟೂ ಮಂದೀನೂ ಬಿಡಬೇಕಾಕೈತಿ. ಈಗ ತಾನs ಎಲ್ಲಾರೂ ಹಾಡ್ಯಾರ. ಎಲ್ಲಾರ್ಗೂ ಚಾಪಿ ಹಾಸ್ರಿ. ಪಾಪ ಅಲ್ಲ ಅಂತೀರೋ, ನನ್ನ ಏಳು ವರ್ಷ ತಂದು ಕೊಡ್ರಿ. ಯಾವುದಾರ ಒಂದು ಹೇಳ್ರಿ. ನನ್ನ ಮೊಣಕಾಲು ನೋಯಾಕತ್ತಾವು.”

ಭಾಗಪ್ಪ ಮತ್ತೆ ಕಂಪೌಂಡರನ ಮುಖ ನೋಡಿದ. ಕಂಪೌಂಡರ ಅಳಿಯನತ್ತ ನೋಡಿ ಹುಬ್ಬು ಗಂಟಿಕ್ಕಿದ. ಸಾವಂತ್ರವ್ವ ಆ ಹುಬ್ಬನ್ನು ಕಣ್ತುಂಬ ನೋಡಿದಳು, ಅವಳ ಜೀವ ತಣ್ಣಗಾಯಿತು. ಕೊನೆಗೆ ಮುದಿ ಪಾದ್ರಿಸಾಹೇಬರೇ ಬಗ್ಗಿ ಅವಳ ಕೈಹಿಡಿದು ಎಬ್ಬಿಸಿದರು. ಅವತ್ತು ಪಟ್ಟವಾಗಲಿಲ್ಲ.

ಹಿರಿಯರು ಕೂಡಿ ತೀರ್ಮಾನ ಮಾಡಿದರು. ಭಾಗಪ್ಪನ ಉಪದೇಶಿಯ ಕೆಲಸ ನಿಂತಿತು. ತಪ್ಪು ನಡೆದದ್ದು ತಿಕೋಟಾದಲ್ಲಿ, ಆದ್ದರಿಂದ ಆರು ತಿಂಗಳು ತಿಕೋಟಾದ ಹಿಂದಿನ ಚಾಪೆ. ನಿನಗೇನು ಬೇಕು ಎಂದು ಸಾವಂತ್ರವ್ವನನ್ನೂ ಕೇಳಿದರು. ಅಚ್ಚಾದ ಹಾಡಿನ ಹಾಳೆ ಎಷ್ಟಿವೆಯೋ ಅಷ್ಟರಲ್ಲೂ ‘ನನ್ನಾತ್ಮ’ ಹೊಡೆದುಹಾಕಿ ರುಕ್ಮವ್ವ ಎಂದು ಬರೆಯಬೇಕು, ಬರೆಯುವುದು ಭಾಗಪ್ಪನ ಕೈಯೇ ಆಗಬೇಕು ಎಂದಳು. ಹಾಳೆ ನಾಲ್ಕುನೂರು ಇದ್ದವು.

“ಸಾಕ ಬಿಡವ್ವ ಇನ್ನ. ಭಾಳ ಸೊರಗ್ಯಾನ,” ಎಂದಳು ಲಕ್ಕವ್ವ ಒಂದು ದಿನ.

“ಅಕ್ಷರ ಚೊಲೋ ಅದಾವಲ್ಲ ಅವನವು. ಬರೀಲಿ,” ಎಂದಳು ಸಾವಂತ್ರವ್ವ.

ಬರೆದು ಮುಗಿದ ಮೇಲಿನ ಮೊದಲ ಭಾನುವಾರ ಭಾಗಪ್ಪ ತಿಕೋಟಾಕ್ಕೆ ಬಂದ. ಬಸ್ಸಿನಿಂದ ಇಳಿದು, ತಲೆ ತಗ್ಗಿಸಿಕೊಂಡು, ಬಾಗಿಲ ಬಳಿಯ ಚಾಪೆಯ ಮೇಲೆ ಕೂತ. ಬೆರಳಿಗೆ ಶಾಯಿ ಹತ್ತಿತ್ತು. ಅವನು ಬರೆದ ಹಾಳೆಗಳನ್ನೇ ಸಭೆಗೆ ಹಂಚಿದ್ದರು. ಓದು ಬಾರದವರೂ ಆ ಹಾಳೆಯನ್ನು ಎದೆಗೆ ಹಿಡಿದುಕೊಂಡಿದ್ದರು. ಸಾವಂತ್ರವ್ವ ಮುಂದೆ, ತನ್ನ ಹಳೆಯ ಜಾಗದಲ್ಲಿ ನಿಂತಿದ್ದಳು.

ಸಾಲು ಓದಿದರು. ಅವಳು ಧಾಟಿ ಎತ್ತಿದಳು. ಹದಿನಾಲ್ಕು ಮನೆಯವರೂ ಹಾಡಿದರು. ಎರಡನೆಯ ನುಡಿಗೆ ಬಂದಾಗ ಹಿಂದಿನಿಂದ ಒಂದು ಗಂಡುದನಿ ಸಣ್ಣಗೆ ಸೇರಿಕೊಂಡಿತು. ಭಾಗಪ್ಪ ಅಳುತ್ತಿದ್ದ. ಆ ಹೆಸರನ್ನು ನಾಲ್ಕುನೂರು ಸಲ ಬರೆದ ಮೇಲೆ ಅದು ಅವನ ಬಾಯಿಗೂ ಬಂದಿತ್ತು. ಅವನ ತುಟಿ ‘ರು’ ಎಂದದ್ದನ್ನು ಸಾವಂತ್ರವ್ವ ಕಂಡಳು.

ಮಗಳ ಗಂಡ ಮಗಳಿಗಾಗಿ ಅಳುವುದನ್ನು ಅವಳು ಮೊದಲ ಸಲ ನೋಡುತ್ತಿದ್ದಳು. ಅವತ್ತು, ಕುಣಿಯ ಬಳಿ, ಇದನ್ನು ನೋಡಿದ್ದರೆ ಸಾಕಾಗಿತ್ತು.

ಅವಳು ಕೈ ಎತ್ತಿದಳು. ಹಾಡು ನಿಂತಿತು.

“ಹೊರಗಿದ್ದವ್ರು ಹಾಡೂ ಹಂಗಿಲ್ರಿ,” ಎಂದಳು. “ಆ ಚಾಪಿ ಮ್ಯಾಲ ನಾ ಏಳು ವರ್ಷ ಕುಂತೀನಿ. ರೂಢಿ ನನಗ ಗೊತ್ತೈತಿ.”

ಭಾಗಪ್ಪ ಬಾಯಿ ಮುಚ್ಚಿದ. ಹಲ್ಲು ಕಚ್ಚಿಕೊಂಡು ಗೋಡೆಯ ಕಡೆ ತಿರುಗಿದ.

ಸಾವಂತ್ರವ್ವ ಮೊದಲನೆಯ ಸಾಲಿನಿಂದ ಮತ್ತೆ ಎತ್ತಿದಳು, ಮುದುಕರಿಗೂ ಕೂಸುಗಳಿಗೂ ನಿಲುಕುವಷ್ಟು ತಗ್ಗಿನ ದನಿಯಲ್ಲಿ. ಹೆಸರಿನ ಸಾಲು ಬಂತು. ಗಂಡನೊಬ್ಬನನ್ನು ಬಿಟ್ಟು ಎಲ್ಲರೂ ರುಕ್ಮವ್ವನನ್ನು ಹೆಸರು ಹಿಡಿದು ಕರೆದರು.